ಹಾಯಿ ಇಲ್ಲದ ಸೇಲಿಂಗು, ಒಂದೇ ದ್ವೀಪದ ಟೂರು

ತುಮಕೂರಿನ ಕ್ಯಾತ್ಸಂದ್ರದಲ್ಲಿ ನನ್ನದೊಂದು ಟೆಂಪೋ ಟ್ರಾವೆಲರ್ ಇದೆ. ಹನ್ನೊಂದು ವರ್ಷದಿಂದ ಅದೇ ಅನ್ನ. ಧರ್ಮಸ್ಥಳ, ಶೃಂಗೇರಿ, ಹೊರನಾಡಿನ ರೂಟನ್ನು ನಿದ್ದೆಗಣ್ಣಲ್ಲೂ ಬರೆದುಕೊಡ್ತೀನಿ. ನನಗೆ ಬುದ್ಧಿ ಕಲಿಸಿದ್ದು ಸಮುದ್ರ.

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ನನ್ನ ಹಳೇ ಗಿರಾಕಿ. ಒಂದು ಡಿಸೆಂಬರ್‌ನಲ್ಲಿ ಅವರ ಮನೆಗೆ ನಾಗಪುರದಿಂದ ಐದು ಜನ ಸ್ನೇಹಿತರು ಬಂದಿದ್ದರು. ಅವರಲ್ಲಿ ಯಾರೂ ಕಡಲು ನೋಡಿದವರಲ್ಲ. ಮಲ್ಪೆಗೆ ಕರೆದುಕೊಂಡು ಹೋಗಿ ಅಂದರು. ನಾನು ವಾಟ್ಸಾಪ್‌ನಲ್ಲಿ ಟೂರಿನ ವಿವರ ಕಳಿಸಿದೆ. ಯಾರೋ ದೊಡ್ಡ ಟ್ರಾವೆಲ್ಸ್‌ನವರ ಪಾಂಪ್ಲೆಟ್ ನೋಡಿ ಎರಡು ಪದ ಎತ್ತಿ ಹಾಕಿದ್ದೆ: ‘ಸೇಲಿಂಗ್’, ‘ಐಲ್ಯಾಂಡ್ ಹಾಪಿಂಗ್’. ಓದೋಕೆ ಚೆನ್ನಾಗಿತ್ತು, ಅಷ್ಟೇ. ಒಂದಕ್ಕೆ ಹಾಯಿ ದೋಣಿಯಲ್ಲಿ ಹೋಗೋದು, ಇನ್ನೊಂದಕ್ಕೆ ದ್ವೀಪದಿಂದ ದ್ವೀಪಕ್ಕೆ ಸುತ್ತೋದು ಅನ್ನೋ ಅರ್ಥ ಅಂತ ನಾನೇ ಯೋಚನೆ ಮಾಡಿರಲಿಲ್ಲ.

ಇನ್ನೊಬ್ಬ ಡ್ರೈವರ್‌ನ ಜೊತೆಗೆ ಹಾಕಿಕೊಂಡು ರಾತ್ರಿ ಹೊರಟೆವು. ಅರಸೀಕೆರೆ, ಕಡೂರು, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಇಳಿದು ಉಡುಪಿ ಸೇರುವಾಗ ಬೆಳಕು ಹರಿದಿತ್ತು. ಅಲ್ಲೇ ಮೊದಲನೇ ತಪ್ಪು. ಸೀದಾ ಮಲ್ಪೆಗೆ ಹೋಗೋದು ಬಿಟ್ಟು ಸ್ನಾನ, ತಿಂಡಿ, ಕೃಷ್ಣ ಮಠದ ದರ್ಶನ ಎಲ್ಲ ಮುಂದೆ ಇಟ್ಟಿದ್ದೆ. ದೇವರು ಸಂಜೆಗೂ ಅಲ್ಲೇ ಇರ್ತಾನೆ, ಕಡಲು ಹಾಗಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತುವಾಗ ಮಧ್ಯಾಹ್ನ ಆಗಿತ್ತು. ಸಾಲದ್ದಕ್ಕೆ ಜನ ತುಂಬೋ ತನಕ ದೋಣಿ ಬಿಡಲ್ಲ, ನಮ್ಮೂರ ಖಾಸಗಿ ಬಸ್ಸಿನ ಹಾಗೇ.

ಹತ್ತಿದ ಕೂಡಲೇ ಒಬ್ಬ ಸ್ನೇಹಿತ ಮೇಲೆ ಕೆಳಗೆ ನೋಡಿ ಕೇಳಿದ: “ಭಯ್ಯಾ, ಹಾಯಿ ಎಲ್ಲಿ?”

ಹಾಯಿ ಎಲ್ಲಿಂದ ಬರಬೇಕು, ಅದು ಡೀಸೆಲ್ ದೋಣಿ. ಸದ್ದಿನಲ್ಲಿ ಮಾತು ಕೇಳಿಸಿಲ್ಲ ಅನ್ನೋ ಹಾಗೆ ಕೂತೆ. ದೋಣಿಯ ಹಿರಿಯರು ಮಾತ್ರ ನಗ್ತಾ ಹೇಳಿದರು, “ಹಾಯಿ ಇದ್ದದ್ದು ನಮ್ಮ ಅಪ್ಪನ ಕಾಲಕ್ಕೆ ಮಾರಾಯ್ರೇ. ಬೆಳಿಗ್ಗೆ ನೆಲದಿಂದ ಕಡಲಿಗೆ ಗಾಳಿ, ಅದನ್ನು ಹಿಡಿದು ಹೋಗುದು. ಮಧ್ಯಾಹ್ನ ಮೇಲೆ ಕಡಲಿಂದ ನೆಲಕ್ಕೆ, ಅದರಲ್ಲಿ ವಾಪಸ್ ಬರುದು.” ಬಿಸಿಲಿಗೆ ನೆಲ ಕಾದ ಮೇಲೆ ಗಾಳಿ ದಿಕ್ಕು ಬದಲಿಸುತ್ತೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಈಗ ಅದೇ ಗಾಳಿ ಎದುರಿಂದ ಹೊಡೆದು ದೋಣಿ ತೊಟ್ಟಿಲಾಗಿತ್ತು. ಒಬ್ಬರು ಮಠದ ಹತ್ತಿರ ತಿಂದ ತಿಂಡಿಯನ್ನೆಲ್ಲ ಕಡಲಿಗೆ ಒಪ್ಪಿಸಿದರು. ಬೆಳಿಗ್ಗೆ ಬಂದಿದ್ದರೆ ನೀರು ಇಷ್ಟು ಕುಲುಕುತ್ತಿರಲಿಲ್ಲ.

ಸೇಂಟ್ ಮೇರೀಸ್ ದ್ವೀಪದ ಹತ್ತಿರ ದೊಡ್ಡ ದೋಣಿ ನಿಲ್ಲುತ್ತೆ. ಅಲ್ಲಿಂದ ಚಿಕ್ಕ ದೋಣಿಯಲ್ಲಿ ದಡಕ್ಕೆ. ಮರಳಿನ ಬದಲು ಕಪ್ಪೆಚಿಪ್ಪು, ಅದರಾಚೆ ಸಾಲು ಸಾಲು ಕಲ್ಲುಕಂಬ. “ಯಾವ ರಾಜ ಕೆತ್ತಿಸಿದ್ದು?” ಅಂದರು. ಈ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ನಮ್ಮ ಕೆರೆ ಅಂಗಳದ ಕೆಸರು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಹೆಂಚಿನ ಹಾಗೆ ತುಂಡು ತುಂಡಾಗೋದಿಲ್ವಾ, ಹಾಗೇ ಇದು. ಕೆಸರಿನ ಜಾಗದಲ್ಲಿ ಲಾವಾ; ತಣ್ಣಗಾಗ್ತಾ ಕುಗ್ಗಿ, ಬಿರುಕು ಆಳಕ್ಕಿಳಿದು ಕಂಬಗಳಾಗಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲಕ್ಕೆ ಹುಟ್ಟಿದ ಕಲ್ಲು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದ ಅನ್ನೋ ಪ್ರತೀತಿಯನ್ನೂ ಸೇರಿಸಿದೆ. ಹೋದ ಮಾನ ಅರ್ಧ ವಾಪಸ್ ಬಂತು.

ಅಷ್ಟರಲ್ಲಿ, “ಮುಂದಿನ ದ್ವೀಪ ಯಾವಾಗ?”

ಇಲ್ಲಿ ದೊಡ್ಡವು ನಾಲ್ಕು ದ್ವೀಪ ಇರೋದು ನಿಜ. ಜನ ಇಳಿಯೋದು ತೆಂಗಿನ ದ್ವೀಪ ಅನ್ನೋ ಈ ಒಂದರಲ್ಲೇ. ಆದರೂ ಹಲ್ಲು ಗಿಂಜಿಕೊಂಡು ಚಿಕ್ಕ ದೋಣಿಯವರನ್ನು ಕೇಳಿದೆ. “ಆಗುದಿಲ್ಲ. ಅಲ್ಲಿ ನೀರಡಿ ಕಲ್ಲುಂಟು. ದೋಣಿ ಒಡೆದ್ರೆ ನೀವು ಕೊಡ್ತೀರಾ?” ಅಂದರು. ದುಡ್ಡು ಜಾಸ್ತಿ ಕೊಡ್ತೀನಿ ಅಂದೆ. ಮುಖವನ್ನೂ ನೋಡಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ನನ್ನ ಗಾಡಿಗೆ ಸೀಟಿಗಿಂತ ಜಾಸ್ತಿ ಜನ ಹತ್ತಿಸಿ ಅಂತ ಯಾರಾದರೂ ಪೀಡಿಸಿದಾಗ ಅವರ ಆ ಮುಖ ನೆನಪಾಗುತ್ತೆ.

ವಾಪಸ್ ಹೊರಡುವಾಗ ಇನ್ನೊಂದು ಎಡವಟ್ಟು. ಚಿಕ್ಕ ದೋಣಿಯಲ್ಲಿ ನಾಲ್ಕಾರು ಜನರಂತೆ ಸಾಗಿಸ್ತಾರೆ, ಬೇರೆ ಗುಂಪಿನವರೂ ಸೇರಿಕೊಳ್ತಾರೆ. ನಾನು ದೊಡ್ಡ ದೋಣಿಯಲ್ಲಿ ಕೂತು ತಲೆ ಎಣಿಸಿದೆ: ಆರು ಇರಬೇಕಾದಲ್ಲಿ ಐದು. ತಿಪಟೂರಿನ ಅಣ್ಣನೇ ಇಲ್ಲ! ನಮ್ಮವರನ್ನೆಲ್ಲ ಅದೇ ದೋಣಿಯಲ್ಲಿ ಕಳಿಸಿ, ನಾನು ಚಿಕ್ಕ ದೋಣಿಯಲ್ಲಿ ದಡಕ್ಕೆ ಮರಳಿ ಹುಡುಕಿದರೆ, ಆ ಪುಣ್ಯಾತ್ಮ ದ್ವೀಪದ ಇನ್ನೊಂದು ತುದಿಯಲ್ಲಿ ತೆಂಗಿನಮರ ನೋಡ್ತಾ ನಿಂತಿದ್ದಾರೆ.

“ಇದು ಕೊಬ್ಬರಿಗೆ ಬರಲ್ಲ ಕಣಪ್ಪ. ಎಳನೀರಿಗೆ ಅಷ್ಟೇ.”

ಮುಂದಿನ ದೋಣಿ ಸಿಕ್ಕಿ ಮಲ್ಪೆ ಸೇರುವಷ್ಟರಲ್ಲಿ ಒಂದೂಕಾಲು ಗಂಟೆ ಹೋಯ್ತು. ಅದರ ಜೊತೆಗೆ ಆಗುಂಬೆಯ ಸೂರ್ಯಾಸ್ತವೂ ಹೋಯ್ತು. ಅದನ್ನೂ ವಾಟ್ಸಾಪ್‌ನಲ್ಲಿ ಬರೆದಿದ್ದೆ. 14 ತಿರುವನ್ನು ಕತ್ತಲಲ್ಲಿ ಹತ್ತಿ ವ್ಯೂ ಪಾಯಿಂಟಿನಲ್ಲಿ ಗಾಡಿ ನಿಲ್ಲಿಸಿದೆವು. ಎಲ್ಲರೂ ಇಳಿದು ಕಪ್ಪು ಕಣಿವೆಯನ್ನೇ ನೋಡಿದರು. ಅಣ್ಣ ಬಾಡಿಗೆ ಪೂರ್ತಿ ಕೊಟ್ಟರು, ಬೈಯಲಿಲ್ಲ. “ಸೂರ್ಯ ನಿಮ್ಮ ಲೆಕ್ಕದಲ್ಲಿ ಬಾಕಿ” ಅಂದರು.

ಈಗ ಕರಾವಳಿ ಟೂರಿನ ಚೀಟಿಯನ್ನು ಕೊನೆಯಿಂದ ಬರೀತೀನಿ. ಘಾಟಿ ಎಷ್ಟು ಹೊತ್ತಿಗೆ ಹತ್ತಬೇಕು, ಅದಕ್ಕೆ ದ್ವೀಪ ಎಷ್ಟಕ್ಕೆ ಬಿಡಬೇಕು, ಹಾಗೇ ಹಿಂದಕ್ಕೆ ಬಂದು ಬೆಳಿಗ್ಗೆಯ ಮೊದಲ ದೋಣಿಗೆ ನಿಲ್ತೀನಿ. ಮಠ ಆಮೇಲೆ. ತಲೆ ಎಣಿಸೋದು ದಡದಲ್ಲೇ, ಚಿಕ್ಕ ದೋಣಿಗೆ ಕಾಲಿಡುವ ಮುಂಚೆ. ಮಳೆಗಾಲದಲ್ಲಿ ದೋಣಿ ಇಲ್ಲ ಅನ್ನೋದು ದಪ್ಪ ಅಕ್ಷರದಲ್ಲಿ ಇರುತ್ತೆ. ಆ ಎರಡು ಇಂಗ್ಲಿಷ್ ಪದ ಕಿತ್ತು ಹಾಕಿ ‘ಇಂಜಿನ್ ದೋಣಿ, ಒಂದು ದ್ವೀಪ’ ಅಂತ ಬರೆದೆ. ಹಾಗೆ ಬರೆದ ಮೇಲೆ ಇಬ್ಬರು ಗಿರಾಕಿಗಳು ಬೇರೆ ಕಡೆ ಹೋದರು, ಸುಳ್ಳು ಯಾಕೆ.

ಫೆಬ್ರವರಿಯಲ್ಲಿ ತಿಪಟೂರಿನಿಂದ ಫೋನ್ ಬಂತು.

“ಹಾಯಿ ಇರೋ ದೋಣಿ ಸಿಕ್ತೇನಪ್ಪ?”

“ಇಲ್ಲ ಅಣ್ಣ, ಇಂಜಿನ್ನೇ.”

“ಹೋಗ್ಲಿ ಬಿಡು. ಈ ಸಲ ಮನೆಯವರು ಬರ್ತಾರೆ. ಬೆಳಿಗ್ಗೆ ಮೊದಲನೇ ದೋಣಿಗೆ ಹಾಕು.”