ಲಾನಿನ ಸ್ಪ್ರಿಂಕ್ಲರ್ ಸೋರುತ್ತಿದೆಯೆ? ಅಗೆಯುವ ಮೊದಲು ಹೊತ್ತು ನೋಡಿ

ಲಾನಿನ ಮೂಲೆಯಲ್ಲಿ ಕೆಸರು ಕಂಡ ಕೂಡಲೇ ಅಲ್ಲಿಗೇ ಗುದ್ದಲಿ ಹಾಕಬೇಡಿ. ಪೈಪ್ ಹೂಳಿದ ಕಾಲುವೆಯ ಮಣ್ಣು ಅಕ್ಕಪಕ್ಕದ ಮಣ್ಣಿಗಿಂತ ಸಡಿಲ. ಒಡೆದ ಕಡೆಯಿಂದ ನೀರು ಆ ಸಡಿಲ ಮಣ್ಣಿನಲ್ಲೇ ಇಳಿಜಾರಿನತ್ತ ಹರಿದು, ಎಷ್ಟೋ ಅಡಿ ದೂರದ ತಗ್ಗಿನಲ್ಲಿ ಮೇಲೇಳುತ್ತದೆ. ಎಲ್ಲಿ ಸೋರುತ್ತಿದೆ ಎನ್ನುವುದಕ್ಕಿಂತ ಯಾವಾಗ ಸೋರುತ್ತಿದೆ ಎನ್ನುವುದೇ ಹೆಚ್ಚು ಹೇಳುತ್ತದೆ. ನೀರು ಬಿಟ್ಟಾಗ ಮಾತ್ರವೇ, ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತೇ, ಇಲ್ಲ ಹಗಲೂ ರಾತ್ರಿಯೂ? ಇದನ್ನು ಒಂದು ದಿನ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ನಿಲ್ಲಿಸಿದ ಮೇಲೆ ತಗ್ಗಿನಲ್ಲಿರುವ ಒಂದೇ ಪಾಪ್‌ಅಪ್ (ನೀರು ಬಂದಾಗ ನೆಲದಿಂದ ಮೇಲೇಳುವ ಸ್ಪ್ರಿಂಕ್ಲರ್) ಹತ್ತಿಪ್ಪತ್ತು ನಿಮಿಷ ಸುರಿದು ತಾನಾಗಿ ನಿಂತರೆ, ಯಾವುದೂ ಕೆಟ್ಟಿಲ್ಲ. ಪೈಪಿನಲ್ಲಿ ಉಳಿದ ನೀರು ಅತಿ ತಗ್ಗಿನ ಬಾಯಿಂದ ಖಾಲಿಯಾಗುತ್ತಿದೆ, ಅಷ್ಟೆ. ಹಾಗೆಂದು ಬಿಟ್ಟುಬಿಡುವಂಥದ್ದೂ ಅಲ್ಲ. ಒಳವ್ಯಾಸ 28 ಮಿ.ಮೀ. ಇರುವ ಪೈಪಿನ ಒಂದು ಮೀಟರಿನಲ್ಲಿ ಸುಮಾರು 0.6 ಲೀಟರ್ ನೀರು ಹಿಡಿಯುತ್ತದೆ. 40 ಮೀಟರ್ ಲೈನ್ ಪೂರ್ತಿ ಖಾಲಿಯಾದರೆ ಸುಮಾರು 25 ಲೀಟರ್. ದಿನಕ್ಕೆರಡು ಸಲ ಬಿಟ್ಟರೆ 50. ಮೇಲಾಗಿ ಖಾಲಿ ಪೈಪಿಗೆ ಮತ್ತೆ ನೀರು ನುಗ್ಗುವಾಗ ಒಳಗಿನ ಗಾಳಿ ಜಾಯಿಂಟುಗಳನ್ನು ಜಗ್ಗುತ್ತದೆ. ಪರಿಹಾರ ಸುಲಭ: ಒಳಗೇ ಚೆಕ್ ವಾಲ್ವ್, ಅಂದರೆ ಒತ್ತಡ ಇಳಿದಾಗ ತಾನೇ ಮುಚ್ಚಿಕೊಳ್ಳುವ ವಾಲ್ವ್, ಇರುವ ಪಾಪ್‌ಅಪ್ ಹಾಕಿ. ತಗ್ಗಿನ ಒಂದಕ್ಕೆ ಮಾತ್ರ ಹಾಕಿದರೆ ಅದಕ್ಕಿಂತ ಸ್ವಲ್ಪ ಮೇಲಿರುವುದು ಸುರಿಯಲು ಶುರುಮಾಡುತ್ತದೆ. ಆದ್ದರಿಂದ ಇಳಿಜಾರಿನ ಕೆಳಗಿನ ಮೂರು ನಾಲ್ಕನ್ನಾದರೂ ಬದಲಿಸಬೇಕು. ಕೊಳ್ಳುವಾಗ ಅದು ಎಷ್ಟು ಎತ್ತರದ ನೀರನ್ನು ತಡೆಯುತ್ತದೆ ಎಂದು ಕೇಳಿಕೊಳ್ಳಿ. ನಿಮ್ಮ ಲಾನಿನ ಮೇಲ್ತುದಿಗೂ ಕೆಳತುದಿಗೂ ಇರುವ ಏರಿಳಿತ ಅದರೊಳಗಿರಬೇಕು.

ಅದೇ ಪಾಪ್‌ಅಪ್ ಮರುದಿನ ಬೆಳಿಗ್ಗೆಯೂ ತೊಟ್ಟಿಕ್ಕುತ್ತಿದ್ದರೆ ಕಥೆಯೇ ಬೇರೆ. ಇಲ್ಲಿ ದುಡ್ಡು ದಂಡವಾಗುವುದು ಹೆಚ್ಚು: ಪಾಪ್‌ಅಪ್ ಬದಲಿಸುತ್ತಾರೆ, ಹೊಸದೂ ಸೋರುತ್ತದೆ. ತಪ್ಪು ಅದರದ್ದಲ್ಲ, ಆ ಝೋನಿನ (ಒಂದೇ ವಾಲ್ವಿನಿಂದ ನೀರು ಪಡೆಯುವ ಪಾಪ್‌ಅಪ್‌ಗಳ ಗುಂಪಿನ) ಸೋಲೆನಾಯ್ಡ್ ವಾಲ್ವ್, ಅಂದರೆ ಕರೆಂಟಿನಿಂದ ತೆರೆಯುವ ವಾಲ್ವ್, ಪೂರ್ತಿ ಮುಚ್ಚುತ್ತಿಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ಅಥವಾ ತಾನಾಗಿ ಆನ್ ಆಗುವ ಪ್ರೆಷರ್ ಪಂಪಿನಿಂದ ನಡೆಯುವ ಲಾನ್‌ಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಯಾರೂ ನಲ್ಲಿ ತಿರುಗಿಸದಿದ್ದರೂ ಪಂಪ್ ಐದು ಹತ್ತು ನಿಮಿಷಕ್ಕೊಮ್ಮೆ ಓಡುತ್ತಿದ್ದರೆ ಈ ವಾಲ್ವ್‌ಗಳಿರುವ ನೆಲದ ಪೆಟ್ಟಿಗೆ, ಅಂದರೆ ವಾಲ್ವ್ ಬಾಕ್ಸ್, ತೆರೆಯಿರಿ. ನೀರು ಹಾಯಿಸುವಾಗ ಮಾತ್ರ ಸಂಪಿನ ಮೋಟರ್ ಹಾಕುವ ಕಡೆ ಈ ಸುಳಿವು ಸಿಗದು. ಮೋಟರ್ ನಿಂತ ಮೇಲೆ ಲೈನಿನಲ್ಲಿ ಒತ್ತಡವೇ ಇರುವುದಿಲ್ಲ.

ವಾಲ್ವ್ ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ತಿಳಿದರೆ ಕೆಟ್ಟದ್ದು ಯಾವುದೆಂದು ತಾನೇ ಹೊಳೆಯುತ್ತದೆ. ಒಳಗೆ ನೀರಿನ ದಾರಿ ಮುಚ್ಚುವ ರಬ್ಬರ್ ಪರದೆಯೇ ಡಯಾಫ್ರಮ್, ಅದರ ಕೆಳಗೂ ಮೇಲೂ ಅದೇ ನೀರು. ಮೇಲಿನ ಕಡೆ ನೀರು ಒತ್ತುವ ಜಾಗ ಹೆಚ್ಚು, ಜೊತೆಗೆ ಸ್ಪ್ರಿಂಗ್ ಇದೆ. ಹಾಗಾಗಿ ಅದು ಸೀಟಿನ (ನೀರಿನ ದಾರಿಯ ಅಂಚಿನ) ಮೇಲೆ ಅದುಮಿ ಕೂರುತ್ತದೆ. ಕರೆಂಟ್ ಬಂದಾಗ ಸೋಲೆನಾಯ್ಡಿನ ಕಡ್ಡಿ ಮೇಲೆದ್ದು ಮೇಲಿನ ಕೋಣೆಯ ನೀರನ್ನು ಹೊರಬಿಡುತ್ತದೆ, ಡಯಾಫ್ರಮ್ ಏಳುತ್ತದೆ. ಅಂದಮೇಲೆ ಸೀಟಿನ ಮೇಲೆ ಒಂದು ಮರಳಿನ ಕಣ ಕೂತರೂ ಸಾಕು, ಕಡ್ಡಿಯ ಬುಡದಲ್ಲಿ ಪಾಚಿ ಸಿಕ್ಕರೂ ಸಾಕು, ನೀರು ಜಿನುಗುತ್ತದೆ.

ಬಿಚ್ಚುವ ಮೊದಲು ಎರಡು ನೋಡಿ. ಮೇಲಿನ ಕೋಣೆಯ ನೀರನ್ನು ಕೈಯಲ್ಲೇ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲವಿದೆಯೆ? ಕೈಯಲ್ಲಿ ನೀರು ಬಿಡಲೆಂದು ಯಾರಾದರೂ ಸೋಲೆನಾಯ್ಡನ್ನು ಕಾಲು ಸುತ್ತು ತಿರುಗಿಸಿ ಹಾಗೇ ಬಿಟ್ಟಿದ್ದಾರೆಯೆ? ಝೋನ್ ನಿಲ್ಲುವುದೇ ಇಲ್ಲವೆಂದಾದರೆ ಆ ವಾಲ್ವಿನ ವೈರನ್ನು ಕಂಟ್ರೋಲರಿನಿಂದ (ಹೊತ್ತಿಗೆ ಸರಿಯಾಗಿ ಕರೆಂಟ್ ಕೊಡುವ ಪೆಟ್ಟಿಗೆಯಿಂದ) ತೆಗೆಯಿರಿ. ನೀರು ನಿಂತರೆ ತಪ್ಪು ಕಂಟ್ರೋಲರಿನದ್ದು ಅಥವಾ ಟೈಮಿಂಗ್‌ನದ್ದು, ನಿಲ್ಲದಿದ್ದರೆ ವಾಲ್ವಿನದ್ದು. ಸೋಲೆನಾಯ್ಡಿನ ಕಾಯಿಲ್ ಸುಟ್ಟಿದೆ ಎಂದು ಹೊಸದು ಹಾಕಿಸಿಕೊಳ್ಳಬೇಡಿ. ಸುಟ್ಟ ಕಾಯಿಲ್‌ನಿಂದ ವಾಲ್ವ್ ತೆರೆಯುವುದಿಲ್ಲವೇ ಹೊರತು ಸೋರುವುದಿಲ್ಲ.

ಇನ್ನು ಬಿಚ್ಚಬಹುದು. ಹಿಂದಿನ ಬಾಲ್ ವಾಲ್ವ್ ಮುಚ್ಚಿ, ಝೋನ್ ಆನ್ ಮಾಡಿ ಒತ್ತಡ ಇಳಿಸಿ. ಬಾಕ್ಸಿನ ಕೆಸರು ನೀರನ್ನು ಮಗ್ಗಿನಲ್ಲಿ ತೋಡಿ ಹಾಕಿ, ಇಲ್ಲವಾದರೆ ಅದೇ ಕೆಸರು ವಾಲ್ವಿನೊಳಗೆ ಇಳಿಯುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸಡಿಲಿಸಿ, ಮುಚ್ಚಳವನ್ನು ಅದುಮಿ ಹಿಡಿದು ಎತ್ತಿ. ಒಳಗಿನ ಸ್ಪ್ರಿಂಗ್ ಹಾರಿ ಹುಲ್ಲಿನಲ್ಲಿ ಬಿದ್ದರೆ ಹುಡುಕುವುದು ಕಷ್ಟ. ಡಯಾಫ್ರಮನ್ನು ಬೆಳಕಿಗೆ ಹಿಡಿದು ಎಳೆದು ನೋಡಿ: ಸಣ್ಣ ಬಿರುಕಿದ್ದರೂ ಬದಲಿಸಿ. ಸೀಟಿನ ಅಂಚಿನ ಮೇಲೆ ಉಗುರು ಆಡಿಸಿ. ತಡೆದರೆ ಅಲ್ಲಿ ಗೀರು ಬಿದ್ದಿದೆ, ಪೂರ್ತಿ ವಾಲ್ವೇ ಹೊಸದಾಗಬೇಕು. ಮತ್ತೆ ಕೂರಿಸುವಾಗ ಡಯಾಫ್ರಮಿನ ತೂತು ಮುಚ್ಚಳದ ತೂತಿಗೆ ಸರಿಹೊಂದಬೇಕು.

ಹೊಸ ವಾಲ್ವ್ ಕೊಳ್ಳುವಾಗ ಅದರ ಮರೆ, ಅಂದರೆ ಥ್ರೆಡ್, ಯಾವ ಬಗೆಯದೆಂದು ಕೇಳಿ. ನಮ್ಮ ಪೈಪ್ ಫಿಟಿಂಗ್‌ಗಳು ಬಿಎಸ್‌ಪಿ (ಬ್ರಿಟಿಷ್ ಮಾದರಿ), ಹೊರದೇಶದ ಎಷ್ಟೋ ವಾಲ್ವ್‌ಗಳು ಎನ್‌ಪಿಟಿ (ಅಮೆರಿಕದ ಮಾದರಿ). ಒಂದು ಇಂಚಿನ ಬಿಎಸ್‌ಪಿಯಲ್ಲಿ ಇಂಚಿಗೆ 11 ಸುತ್ತು, ಎನ್‌ಪಿಟಿಯಲ್ಲಿ 11.5. ಕೆಲವು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಪೈಪ್ ರೆಂಚಿನಲ್ಲಿ ಒತ್ತಿದರೆ ವಾಲ್ವಿನ ಬಾಯೇ ಸೀಳುತ್ತದೆ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ 14 ಸುತ್ತು, ಆದ್ದರಿಂದ ಕೂತಂತೆ ಕಾಣುತ್ತದೆ. ಆದರೆ ಮರೆಯ ಕೋನ ಬೇರೆ, ಟೇಪ್ ಎಷ್ಟು ಸುತ್ತಿದರೂ ಜಿನುಗುವುದುಂಟು. ಮರೆಗೆ ಟೆಫ್ಲಾನ್ ಟೇಪ್ ಮಾತ್ರ, ಪಿವಿಸಿ ಸಲ್ಯೂಷನ್ ಬೇಡ.

ನೀರು ಬಿಟ್ಟಾಗ ಮಾತ್ರ ಸೋರುವುದಾದರೆ ಪಾಪ್‌ಅಪ್‌ಗಳನ್ನು ಒಂದೊಂದಾಗಿ ನೋಡಿ. ಒಂದರ ಕಾಂಡದ ಸುತ್ತ ಮಾತ್ರ ನೀರು ಉಕ್ಕುತ್ತಿದ್ದರೆ ಸೀಲಿನಲ್ಲಿ ಮರಳಿದೆ. ಓಡುತ್ತಿರುವಾಗಲೇ ಕಾಂಡವನ್ನು ಅಂಗೈಯಿಂದ ನಾಲ್ಕೈದು ಸಲ ಅದುಮಿ ಬಿಟ್ಟರೆ ಬಹಳ ಸಲ ತೊಳೆದುಹೋಗುತ್ತದೆ. ಝೋನಿನ ಎಲ್ಲ ಪಾಪ್‌ಅಪ್‌ಗಳೂ ಕಾಂಡದ ಸುತ್ತ ಸೋರುತ್ತಿದ್ದರೆ ಸೀಲುಗಳ ಮೇಲೆ ಕೈಹಾಕಬೇಡಿ. ಸ್ಪ್ರೇ ಮಾದರಿಗೆ ಸುಮಾರು 30 ಪಿಎಸ್‌ಐ, ಅಂದರೆ ಚದರ ಸೆಂ.ಮೀ.ಗೆ 2 ಕೆ.ಜಿ. ಒತ್ತಡ ಬೇಕು. ಅದು ತೀರಾ ಕುಸಿದರೆ ಸೀಲ್ ಬಿಗಿಯಾಗಿ ಕೂರದು. ಒತ್ತಡ ಎಲ್ಲಿ ಹೋಯಿತು? ಫಿಲ್ಟರ್ ಕಟ್ಟಿರಬಹುದು, ನೆಲದಡಿ ಪೈಪ್ ಒಡೆದಿರಬಹುದು.

ಒಡೆದ ಪೈಪನ್ನು ಹುಡುಕುವಾಗ ಒದ್ದೆ ಜಾಗಕ್ಕಿಂತ ಇಳಿಜಾರಿನ ಮೇಲಿನ ಕಡೆಯಿಂದ ಶುರುಮಾಡಿ. ಆ ಝೋನಿನ ನಾಝಲ್‌ಗಳನ್ನು ಮುಚ್ಚಿ ವಾಲ್ವ್ ಸ್ವಲ್ಪವೇ ತೆರೆದರೆ ನೀರು ಒಡೆದ ಬಾಯಿಂದಲೇ ಹೊರಡಬೇಕು. ಹಾರೆ ಬೇಡ, ಅದೇ ಇನ್ನೊಂದು ತೂತು ಮಾಡುತ್ತದೆ. ಪೈಪಿನ ಎರಡೂ ಬದಿ ಒಂದೊಂದು ಅಡಿ, ಕೆಳಗೆ ನಾಲ್ಕು ಇಂಚು ಮಣ್ಣು ಬಿಡಿಸಿ. ಒಡೆದ ತುಂಡು ತೆಗೆದು ಹೊಸದನ್ನು ಜೋಡಿಸುವ ಎರಡು ಮಾಮೂಲಿ ಕಪ್ಲರ್ ಕೂರಿಸಲು ಪೈಪ್ ಬಾಗಬೇಕು, ಅದಕ್ಕೆ ಕಾಲುವೆ ಇನ್ನೂ ಉದ್ದವಾಗಬೇಕು. ಜಾಗವಿಲ್ಲದಿದ್ದರೆ ಉದ್ದ ಎಳೆಯಬಲ್ಲ ರಿಪೇರಿ ಕಪ್ಲರ್ ತನ್ನಿ. ನೇರವಾಗಿ ಕತ್ತರಿಸಿ, ಅಂಚಿನ ಚೂರು ಕೆರೆದು, ಒಣಬಟ್ಟೆಯಲ್ಲಿ ಒರೆಸಿ, ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ್ಳಿ ಅರ್ಧ ನಿಮಿಷ ಹಿಡಿಯಿರಿ. ಒದ್ದೆ ಪೈಪಿಗೆ ಹಚ್ಚಿದ್ದು ನಿಲ್ಲುವುದಿಲ್ಲ. ಮೊದಲು ತಗ್ಗಿನ ಪಾಪ್‌ಅಪ್ ಬಿಚ್ಚಿ ಲೈನ್ ಖಾಲಿಮಾಡಿ. ಒಂದು ರಾತ್ರಿ ಒಣಗಲಿ. ಮರುದಿನ ಕೊನೆಯ ಪಾಪ್‌ಅಪ್‌ನ ನಾಝಲ್ ತೆಗೆದು ಲೈನ್ ತೊಳೆಯಿರಿ, ಇಲ್ಲವಾದರೆ ಒಳಗೆ ಬಿದ್ದ ಮಣ್ಣು ಸೀಲುಗಳಿಗೆ ಹೋಗಿ ಕೂರುತ್ತದೆ.

ಬೆಂಗಳೂರಿನವರಿಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದಿತ್ತು. ಅನೇಕ ಅಪಾರ್ಟ್‌ಮೆಂಟುಗಳ ಲಾನ್‌ಗೆ ಹೋಗುವುದು ಎಸ್‌ಟಿಪಿ ನೀರು, ಅಂದರೆ ಶುದ್ಧೀಕರಿಸಿದ ಕೊಳಚೆ ನೀರು. ಅದು ಸರಿಯಾದ ದಾರಿಯೇ, ಆದರೆ ಅದರ ಲೋಳೆ ಡಯಾಫ್ರಮಿಗೂ ಸೋಲೆನಾಯ್ಡಿನ ಕಡ್ಡಿಗೂ ಅಂಟುತ್ತದೆ. ಅಲ್ಲಿ 120 ಮೆಶ್‌ನ ಡಿಸ್ಕ್ ಫಿಲ್ಟರ್ ಇರಲೇಬೇಕು. ವಾರಕ್ಕೊಮ್ಮೆ ಡಿಸ್ಕ್‌ಗಳನ್ನು ಬಿಡಿಸಿ ಬ್ರಷ್‌ನಲ್ಲಿ ತಿಕ್ಕಿ. ಫಿಲ್ಟರಿನ ಮುಂದೆ ಹಿಂದೆ ಎರಡು ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಎರಡರ ನಡುವೆ ಅರ್ಧ ಕೆ.ಜಿ. ವ್ಯತ್ಯಾಸ ಕಂಡ ದಿನವೇ ತೊಳೆಯಿರಿ.