ನೆಂಟಳಾಗಿ ಕಳೆದ ಒಂದು ರಾತ್ರಿ

ತೀರ್ಥಹಳ್ಳಿ ಸಮೀಪದ ತೋಟದ ಮನೆಗೆ ಸೊಸೆಯಾಗಿ ಬಂದ ಮೂವತ್ತೊಂದು ವರ್ಷಗಳಲ್ಲಿ ಎಷ್ಟು ಜನರಿಗೆ ಕಾಲು ತೊಳೆಯಲು ನೀರು ಕೊಟ್ಟು, ಬೆಲ್ಲ ನೀರು ಇಟ್ಟು, ಎಲೆ ಹಾಕಿ ಬಡಿಸಿ, ರಾತ್ರಿ ಜಗಲಿಯಲ್ಲಿ ಹಾಸಿಗೆ ಬಿಡಿಸಿದ್ದೇನೆ ಎಂಬುದರ ಲೆಕ್ಕವನ್ನು ನಾನು ಇಟ್ಟಿಲ್ಲ. ಅದನ್ನೆಲ್ಲ ಇನ್ನೊಬ್ಬರ ಕೈಯಿಂದ ಪಡೆಯುತ್ತ ಸುಮ್ಮನೆ ಕುಳಿತಿರುವುದು ಎಷ್ಟು ಕಷ್ಟ ಎಂಬುದು ತಿಳಿದದ್ದು ಮಾತ್ರ ಜಪಾನಿನಲ್ಲಿ, ಕಿನೊಸಾಕಿ ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ಒಂದು ರ್ಯೋಕಾನ್‌ನಲ್ಲಿ. ರ್ಯೋಕಾನ್ ಎಂದರೆ ಅಲ್ಲಿನ ಹಳೆಯ ಪದ್ಧತಿಯ ವಸತಿಗೃಹ. ತಲೆಗೆ ಇಷ್ಟು ಎಂದು ಹಣ ಕೊಟ್ಟರೆ ಒಂದು ರಾತ್ರಿಯ ವಾಸ, ರಾತ್ರಿಯೂಟ ಮತ್ತು ಬೆಳಗಿನ ಊಟ ಎಲ್ಲವೂ ಅದರಲ್ಲಿ ಸೇರಿರುತ್ತವೆ.

ಒಸಾಕಾದಲ್ಲಿ ಕೆಲಸದಲ್ಲಿರುವ ಮಗಳು ಫೆಬ್ರುವರಿಯ ಒಂದು ಶನಿವಾರ ನನ್ನನ್ನು ಅಲ್ಲಿಗೆ ಕರೆದೊಯ್ದಳು. ರೈಲಿನಲ್ಲಿ ಎರಡೂವರೆ ಗಂಟೆಗೂ ಮಿಕ್ಕಿದ ಪ್ರಯಾಣ. ರೈಲಿನ ಹೆಸರು ಕೌನೊತೋರಿ, ಅಂದರೆ ಕೊಕ್ಕರೆ ಜಾತಿಯ ಒಂದು ದೊಡ್ಡ ಬಿಳಿಯ ಹಕ್ಕಿ. 1971ರಲ್ಲಿ ಜಪಾನಿನ ನಿಸರ್ಗದಿಂದ ಮರೆಯಾದ ಈ ಹಕ್ಕಿಯನ್ನು ಸಾಕಿ ಬೆಳೆಸಿ, 2005ರಲ್ಲಿ ಮತ್ತೆ ಆಕಾಶಕ್ಕೆ ಬಿಟ್ಟದ್ದು ಕಿನೊಸಾಕಿಯನ್ನು ಒಳಗೊಂಡ ತೊಯೊಓಕಾ ಪ್ರದೇಶದಲ್ಲೇ. ಗಾಯಗೊಂಡ ಇಂಥದೊಂದು ಹಕ್ಕಿ ನೀರಿನಲ್ಲಿ ಕಾಲಿಟ್ಟು ನಿಂತು ವಾಸಿಮಾಡಿಕೊಂಡದ್ದನ್ನು ನೋಡಿ ಜನ ಅಲ್ಲಿನ ಬುಗ್ಗೆಯನ್ನು ಕಂಡುಕೊಂಡರು ಎಂಬುದು ಊರಿನ ಸ್ಥಳಪುರಾಣ. ಇನ್ನೊಂದು ಪುರಾಣದಲ್ಲಿ ಸಾವಿರ ದಿನ ಸೂತ್ರಗಳನ್ನು ಪಠಿಸಿದ ಒಬ್ಬ ಬೌದ್ಧ ಸನ್ಯಾಸಿಯ ತಪಸ್ಸಿಗೆ ನೆಲ ಬಿಸಿನೀರು ಕೊಟ್ಟಿತಂತೆ. ಸ್ಥಳಪುರಾಣಗಳು ಎಲ್ಲಿಯೂ ಹೀಗೆಯೇ ಇರುತ್ತವೆ ಎಂದುಕೊಂಡೆ.

ಮಧ್ಯಾಹ್ನ ಮೂರು ಗಂಟೆಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಮನೆಯೊಡತಿ ನೆಲಕ್ಕೆ ಕೈಯೂರಿ ನಮಸ್ಕರಿಸಿದರು. ಅವರನ್ನು ಒಕಾಮಿ ಎನ್ನುತ್ತಾರೆ. ನಾನು ಗಾಬರಿಯಿಂದ ಅವರಿಗಿಂತ ಕೆಳಗೆ ಬಗ್ಗಲು ಹೋದೆ, ಅವರು ಇನ್ನೂ ಬಗ್ಗಿದರು; ಮಗಳು ಮೆಲ್ಲಗೆ ಸೆರಗು ಜಗ್ಗದೆ ಇದ್ದಿದ್ದರೆ ಈ ಸ್ಪರ್ಧೆ ಸಂಜೆಯವರೆಗೂ ನಡೆಯುತ್ತಿತ್ತೋ ಏನೋ. ಕೋಣೆಯಲ್ಲಿ ತತಾಮಿ ಎಂಬ ಹುಲ್ಲಿನ ದಪ್ಪ ಚಾಪೆಗಳು ಅಂಚಿಗೆ ಅಂಚು ಸೇರಿಸಿದಂತೆ ಹಾಸಿದ್ದವು. ಕೋಣೆಯ ಅಳತೆಯನ್ನು ಅಡಿಯಲ್ಲಲ್ಲ, ಚಾಪೆಗಳ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮದು ಎಂಟು ಚಾಪೆಯ ಕೋಣೆ. ಒಂದು ಗಿಡ್ಡ ಮೇಜು, ಕಾಲಿಲ್ಲದ ಎರಡು ಒರಗುಕುರ್ಚಿ, ಇಷ್ಟು ಬಿಟ್ಟರೆ ಸಾಮಾನೇ ಇಲ್ಲ. ಗೋಡೆಯ ಒಂದು ಭಾಗ ಒಳಕ್ಕೆ ಸರಿದು, ಅಲ್ಲಿ ಬರಹದ ಒಂದು ಪಟವನ್ನು ತೂಗುಹಾಕಿ, ಕೆಳಗೆ ಒಂದೇ ಒಂದು ಹೂವಿನ ಟೊಂಗೆಯನ್ನು ಇಟ್ಟಿದ್ದರು. ಒಳ್ಳೆಯ ಕಟ್ಟೆಯಂತಿದೆಯೆಂದು ನಾನು ಕೈಚೀಲವನ್ನು ಅಲ್ಲಿ ಇಟ್ಟೆ. "ಅಯ್ಯೋ ಅಮ್ಮ, ಅದು ತೊಕೊನೊಮಾ, ಅಲ್ಲಿ ಸಾಮಾನು ಇಡಬಾರದು" ಎಂದು ಮಗಳು ಎತ್ತಿಕೊಂಡಳು. ದೇವರ ಮಂಟಪವಲ್ಲದಿದ್ದರೂ ಕೋಣೆಯ ಗೌರವವೆಲ್ಲ ಆ ಮೂಲೆಯಲ್ಲಿದೆಯಂತೆ.

ನಮ್ಮನ್ನು ನೋಡಿಕೊಳ್ಳುವ ಸೇವಕಿ, ಸುಮಾರು ನನ್ನದೇ ವಯಸ್ಸಿನವರು, ಹಸಿರು ಚಹಾವನ್ನೂ ಒಂದು ಚಿಕ್ಕ ಸಿಹಿಯನ್ನೂ ತಂದಿಟ್ಟರು. ಬೆಲ್ಲ ನೀರಿನ ನೆನಪಾಯಿತು. ಕುಡಿದಾದ ಮೇಲೆ ಅಭ್ಯಾಸಬಲದಿಂದ ಲೋಟಗಳನ್ನು ಒಂದರ ಮೇಲೊಂದಿಟ್ಟು ತಟ್ಟೆಗೆ ಜೋಡಿಸಿ ಎದ್ದೆ. ಆಕೆ ಎರಡೂ ಕೈ ಚಾಚಿ ತಡೆದ ರೀತಿ ಹೇಗಿತ್ತೆಂದರೆ, ನನ್ನ ಮನೆಗೆ ಬಂದ ನೆಂಟರು ಎಲೆ ಎತ್ತಲು ಹೋದಾಗ "ಬಿಡಿ ಬಿಡಿ, ಏನಿದು" ಎಂದು ನಾನು ಓಡುವುದು ಕಣ್ಣ ಮುಂದೆ ಬಂತು. ಭಾಷೆ ಬಾರದಿದ್ದರೂ ಆ ಮಾತು ನನಗೆ ಪೂರ್ತಿ ಅರ್ಥವಾಯಿತು.

ಉಡುಪು ಬದಲಿಸುವ ಪಾಠವೂ ಆಯಿತು. ಯುಕಾತಾ ಎಂಬ ಹತ್ತಿಯ ನಿಲುವಂಗಿಯನ್ನು ತೊಡುವಾಗ ಎಡದ ಅಂಚು ಬಲದ ಅಂಚಿನ ಮೇಲೆ ಬರಬೇಕು. ಬಲ ಮೇಲಾದರೆ ಅದು ಸತ್ತವರಿಗೆ ಉಡಿಸುವ ಕ್ರಮ. ಶ್ರಾದ್ಧದ ದಿನ ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವುದನ್ನು ಕಂಡು ಬೆಳೆದ ನನಗೆ ಇದನ್ನು ಎರಡನೆಯ ಬಾರಿ ಹೇಳುವ ಅಗತ್ಯ ಬೀಳಲಿಲ್ಲ.

ಆ ಮನೆಯ ಸ್ವಂತ ಸ್ನಾನದ ಕೊಳ ಚಿಕ್ಕದು. ಅದಕ್ಕೊಂದು ಕಾರಣವಿದೆ. ಬುಗ್ಗೆ ಇಡೀ ಊರಿನ ಸೊತ್ತು, ಅತಿಥಿಗಳು ಹೊರಗಿನ ಸಾರ್ವಜನಿಕ ಸ್ನಾನಗೃಹಗಳಿಗೇ ಹೋಗಬೇಕು ಎಂಬುದು ಕಿನೊಸಾಕಿಯ ಹಳೆಯ ಕಟ್ಟಳೆ. ಒಂದು ವಸತಿಗೃಹ ತನ್ನೊಳಗೇ ಕೊಳ ಕಟ್ಟಿಕೊಂಡಾಗ ಎದ್ದ ವ್ಯಾಜ್ಯ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದು 1950ರಲ್ಲಿ ರಾಜಿಯಾಯಿತು. ರೈಲು ನಿಲ್ದಾಣವೇ ಹೆಬ್ಬಾಗಿಲು, ಬೀದಿಯೇ ಪಡಸಾಲೆ, ವಸತಿಗೃಹಗಳು ಕೋಣೆಗಳು, ಏಳು ಸ್ನಾನಗೃಹಗಳು ಬಚ್ಚಲು, ಹೀಗೆ ಊರೆಲ್ಲ ಒಂದೇ ಮನೆ ಎಂದು ಅಲ್ಲಿಯವರು ಹೇಳುತ್ತಾರೆ. 1925ರ ಮೇ 23ರ ಭೂಕಂಪ ಮತ್ತು ಬೆಂಕಿಯಲ್ಲಿ ಆ ಮನೆ ನೆಲಸಮವಾಗಿತ್ತು. ಈಗ ಓತಾನಿ ಹೊಳೆಯ ಎರಡೂ ದಡದಲ್ಲಿ ಕಾಣುವ ಮರದ ಕಟ್ಟಡಗಳಲ್ಲಿ ಬಹಳಷ್ಟು ಆಮೇಲೆ ಎದ್ದವು.

ನಿಲುವಂಗಿಯ ಮೇಲೆ ದಪ್ಪ ಮೇಲಂಗಿ, ಬೆರಳು ಸೀಳಿದ ಕಾಲುಚೀಲ, ಗೆತಾ ಎಂಬ ಮರದ ಪಾದರಕ್ಷೆ, ಇಷ್ಟನ್ನು ಧರಿಸಿ ಹೊರಟೆವು. ಅದರ ಕಟಕಟ ಸದ್ದಿಗೆ ನಮ್ಮ ಮಾವನವರ ಹಾವುಗೆ ನೆನಪಾಗಿ, ಒಂದು ಕ್ಷಣ ಸೆರಗು ಸರಿಪಡಿಸಿಕೊಳ್ಳಲು ಕೈ ಹೋಯಿತು.

ಸ್ನಾನಗೃಹದ ಹೆಂಗಸರ ಭಾಗದಲ್ಲಿ ಮೈಮೇಲೆ ನೂಲೆಳೆಯೂ ಇಲ್ಲದೆ ಇಳಿಯಬೇಕು. ಇದು ಮೊದಲೇ ಗೊತ್ತಿದ್ದರೂ ಬಟ್ಟೆ ಇಡುವ ಬುಟ್ಟಿಯ ಮುಂದೆ ನಾನು ಹತ್ತು ನಿಮಿಷ ನಿಂತಿದ್ದೆ. ಹೆತ್ತ ಮಗಳ ಎದುರಿಗೇ ಹೆಚ್ಚು ಸಂಕೋಚ. "ಇಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಕಣಮ್ಮ" ಎಂದು ಹೇಳಿ ಅವಳು ಬೆನ್ನು ತಿರುಗಿಸಿ ನಡೆದಳು. ಒಳಗೆ ಸಾಲಾಗಿ ಚಿಕ್ಕ ಮಣೆಗಳು, ಚೊಂಬಿನ ಬದಲು ಬೋಗುಣಿಗಳು. ಅಲ್ಲಿ ಕುಳಿತು ಸೋಪು ಹಚ್ಚಿ, ಮೈ ಪೂರ್ತಿ ತೊಳೆದುಕೊಂಡ ಮೇಲೆಯೇ ಕೊಳಕ್ಕೆ ಇಳಿಯಬೇಕು. ಕೊಳ ಮೈ ನೆನೆಸುವುದಕ್ಕೆ ಮಾತ್ರ. ಕೈಯಲ್ಲಿರುವ ಚಿಕ್ಕ ಟವೆಲ್ಲನ್ನೂ ಅದರ ನೀರಿಗೆ ತಾಗಿಸುವಂತಿಲ್ಲ. ಈ ಮಡಿ ನನಗೆ ಹಿಡಿಸಿತು. ಮಣೆಯ ಮೇಲೆ ಕುಳಿತ ಮಗಳ ಬೆನ್ನನ್ನು, ಅವಳು ಎಂಟು ವರ್ಷದವಳಾಗಿದ್ದಾಗ ಹಂಡೆಯ ಪಕ್ಕ ಕೂರಿಸಿಕೊಂಡು ಸೀಗೆಪುಡಿ ಹಾಕಿ ಉಜ್ಜಿದ ಹಾಗೆ, ಕೇಳದೆಯೇ ಉಜ್ಜಿಕೊಟ್ಟೆ. ಅಲ್ಲೊಂದು ಕಡೆ ಸೇವೆ ಮಾಡಲು ಯಾರೂ ಅಡ್ಡ ಬರಲಿಲ್ಲ. ಆಮೇಲೆ ಹೊರಗಿನ ಕೊಳದಲ್ಲಿ, ಕುತ್ತಿಗೆಯವರೆಗೆ ಬಿಸಿನೀರು, ತಲೆಯ ಮೇಲೆ ಹಿಮದ ಹುಡಿ. ಮಂಡಿನೋವು ಎಲ್ಲಿ ಹೋಯಿತೋ.

ಊಟ ಸರಿಯಾಗಿ ಆರು ಗಂಟೆಗೆ. ಮಾಂಸ, ಮೀನು, ಮೊಟ್ಟೆ ಇಲ್ಲದ ಊಟ ಬೇಕೆಂದು ಮಗಳು ಮೊದಲೇ ಬರೆದಿದ್ದಳು. ಅಲ್ಲಿನ ಸಾರಿಗೂ ಪಲ್ಯಕ್ಕೂ ತಳಪಾಯವಾದ ದಾಶಿ ಎಂಬ ತಿಳಿಯನ್ನು ಸಾಮಾನ್ಯವಾಗಿ ಒಣ ಮೀನಿನ ಹೆರೆಗಳಿಂದ ತೆಗೆಯುತ್ತಾರೆ, ಆದ್ದರಿಂದ ಮೀನಿನ ತುಂಡು ಕಾಣದಿದ್ದರೂ ಮೀನು ಇರುತ್ತದೆ. ನಮಗಾಗಿ ಕೊಂಬು ಎಂಬ ಸಮುದ್ರದ ಪಾಚಿ ಮತ್ತು ಒಣ ಅಣಬೆಯಿಂದ ಬೇರೆಯೇ ತಿಳಿ ತೆಗೆದಿದ್ದರು. ಎಳ್ಳಿನ ತೋಫು, ಸೋಯಾ ಹಾಲಿನ ಕೆನೆ, ಬೇಯಿಸಿದ ಮೂಲಂಗಿ, ಕರಿದ ತರಕಾರಿ, ಪ್ರತಿಯೊಂದಕ್ಕೂ ಬೇರೆ ಬೇರೆ ಪಾತ್ರೆ. ಅದು ಏಡಿಯ ಕಾಲ. ಜನ ಅದಕ್ಕಾಗಿಯೇ ಚಳಿಗಾಲದಲ್ಲಿ ಅಲ್ಲಿಗೆ ಹೋಗುತ್ತಾರೆ. ಏಡಿಯಿಲ್ಲದೆ ನಮಗೆ ಬಡಿಸಬೇಕಾಯಿತೆಂದು ಒಕಾಮಿ ಬಂದು ಕ್ಷಮೆ ಕೇಳಿದರು. ಕೊರತೆ ನನ್ನದು, ಕ್ಷಮೆ ಅವರದು! ರುಚಿಯ ವಿಷಯದಲ್ಲಿ ಸುಳ್ಳು ಹೇಳಲಾರೆ: ಎಲ್ಲವೂ ಕಣ್ಣಿಗೆ ಹಬ್ಬ, ನಾಲಗೆಗೆ ತುಸು ಸಪ್ಪೆ. ಬೆಳಗಿನ ಊಟದಲ್ಲಿ ಬಡಿಸಿದ ಉಮೆಬೋಶಿ ಎಂಬ ಉಪ್ಪುಹುಳಿಯ ಕಾಯಿ ಮಾತ್ರ ಹಳೆಯ ಜಾಡಿಯ ಅಪ್ಪೆಮಿಡಿಯ ನೆಂಟನಂತಿತ್ತು.

ಊಟವಾದ ಮೇಲೆ ಇನ್ನೊಂದು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೇಜು ಗೋಡೆಯ ಬದಿಗೆ ಸರಿದು, ಎರಡು ಹಾಸಿಗೆಗಳು ಬಿಡಿಸಿಕೊಂಡಿದ್ದವು. ಬೆಳಿಗ್ಗೆ ಐದಕ್ಕೆ ಎದ್ದವಳು ಅವನ್ನು ಮಡಚಿ ಮೂಲೆಗೆ ಒಟ್ಟಿದೆ. ಸೇವಕಿ ಬಂದು ನೋಡಿ ನಕ್ಕರು, ಬಳಿಕ ಹೊದಿಕೆಗಳನ್ನು ಒಗೆಯಲು ಕಳಚಬೇಕಾಗಿ ನಾನು ಮಡಚಿದ್ದನ್ನೆಲ್ಲ ಮತ್ತೆ ಬಿಡಿಸಿದರು. ಅವರಿಗೆ ಎರಡು ಪಟ್ಟು ಕೆಲಸ.

ಹತ್ತು ಗಂಟೆಗೆ ಹೊರಟೆವು. ಒಕಾಮಿ ಮತ್ತು ಆ ಸೇವಕಿ ಬೀದಿಯವರೆಗೆ ಬಂದು ನಿಂತರು. ಸೇತುವೆಯ ಹತ್ತಿರ ತಿರುಗಿ ನೋಡಿದರೆ ಇನ್ನೂ ಅಲ್ಲಿಯೇ ಇದ್ದಾರೆ, ಕೈ ಬೀಸುತ್ತಿದ್ದಾರೆ. ಮಗಳು ನಿಂತು ಫೋಟೋ ತೆಗೆಯಲು ಶುರುಮಾಡಿದಳು. ನೆಂಟರು ತೋಟದ ತಿರುವು ದಾಟುವವರೆಗೆ ದಣಪೆಯ ಬಳಿ ಕಾಯುತ್ತ, ಒಲೆಯ ಮೇಲಿಟ್ಟ ಹಾಲಿನ ಚಿಂತೆಯಲ್ಲಿ ಎಷ್ಟೋ ಸಲ ನಿಂತಿದ್ದ ನಾನು, "ಪಟ ಆಮೇಲೆ ತೆಗೆಯುವೆಯಂತೆ, ಬೇಗ ನಡಿಯೇ, ಚಳಿಯಲ್ಲಿ ನಿಂತಿದ್ದಾರೆ" ಎಂದು ಅವಳ ತೋಳು ಹಿಡಿದು ಮೂಲೆ ತಿರುಗಿದೆ.