ಗೆರೆಯ ಮೇಲೆ ಏನು ಬರೀತೀರಿ?

ನಾನಿರುವ ಇಥಾಕಾ, ನ್ಯೂಯಾರ್ಕ್ ರಾಜ್ಯದ ಪುಟ್ಟ ಊರು. ಇಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಜೊತೆಗಾರರು ಮಕ್ಕಳಿಗೆ ವಿಜ್ಞಾನ ಎಷ್ಟು ಅರ್ಥವಾಗಿದೆ ಎಂದು ತಿಳಿಯಲು ಅವರನ್ನೇ ಮಾತಾಡಿಸುತ್ತಿದ್ದರು. ಬರೆದಿಟ್ಟ ಮಾತು ರಾಶಿಯಾಯಿತು. ಮಗುವಿನ ತಿಳಿವಳಿಕೆ ಎಲ್ಲಿ ಬದಲಾಯಿತು ಅನ್ನುವುದು ಅದರಲ್ಲಿ ಕಾಣದಾಯಿತು. 1972ರಲ್ಲಿ ಅವರು ರೂಪಿಸಿದ್ದು ಪರಿಕಲ್ಪನಾ ನಕ್ಷೆ. ಚೌಕದೊಳಗೆ ವಿಷಯ, ಚೌಕಗಳ ನಡುವೆ ಗೆರೆ, ಗೆರೆಯ ಮೇಲೆ ಸಂಬಂಧ ಹೇಳುವ ಪದ. ಅಷ್ಟೇ.

ನಮ್ಮ ಅತ್ತಿಗೆ ಮೂಡಿಗೆರೆ ಕಡೆ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಾರೆ. ಭಾನುವಾರ ಅಲ್ಲಿ ಸಂಜೆ, ಇಲ್ಲಿ ಬೆಳಗ್ಗೆ, ನಾವೆಲ್ಲ ಆನ್‌ಲೈನ್‌ನಲ್ಲಿ ಸೇರುತ್ತೇವೆ. ಮೊದಮೊದಲು ಇಬ್ಬರು ಮೂವರದ್ದೇ ಮಾತು, ಉಳಿದವರು "ಹೂಂ ಮೇಡಂ". ಹಿಂದಿನವರು ಹೇಳಿದ್ದನ್ನು ನೆನಪಿಟ್ಟು, ಅದಕ್ಕೆ ತನ್ನದನ್ನು ಜೋಡಿಸಿ, ಎಲ್ಲರ ಎದುರು ಹೇಳುವುದು ಮಕ್ಕಳಿಗೆ ಸುಲಭವಲ್ಲ. ನಕ್ಷೆ ಕಣ್ಣೆದುರಿಗಿದ್ದರೆ ನೆನಪಿಡುವ ಹೊರೆಯಾದರೂ ಇಳಿಯುತ್ತದೆ.

ಹಾಗಾಗಿ ಒಂದು ಭಾನುವಾರ ನಕ್ಷೆ ಬರೆಸಿದೆವು. ಪ್ರಶ್ನೆ ಮಕ್ಕಳ ಊರಿನ ತೋಟದ್ದೇ: ಕಾಫಿಗೆ ನೆರಳು ಎಷ್ಟಿರಬೇಕು? ಕೊಟ್ಟದ್ದು ಮೂರೇ ಚೌಕ: ನೆರಳು, ಕಾಂಡಕೊರಕ (ಗಿಡದ ಕಾಂಡ ಕೊರೆಯುವ ಕೀಟ), ಅರೇಬಿಕಾ (ಕಾಫಿಯ ಒಂದು ಜಾತಿ). ಬಿಸಿಲು ಬೀಳುವ ಕಾಂಡದ ತೊಗಟೆಯಲ್ಲೇ ಬಿಳಿ ಕಾಂಡಕೊರಕ ಹೆಚ್ಚು ಮೊಟ್ಟೆ ಇಡುವುದು, ಹಾಗಾಗಿ ಒಬ್ಬ ಹುಡುಗ ನೆರಳಿನಿಂದ ಕೊರಕಕ್ಕೆ ಗೆರೆ ಎಳೆದು "ತಡೆಯುತ್ತದೆ" ಎಂದು ಬರೆದ. "ತಡೆಯಲ್ಲ, ಕಡಿಮೆ ಮಾಡುತ್ತೆ" ಅಂತ ಇನ್ನೊಬ್ಬನ ತಕರಾರು. ಅಲ್ಲಿಂದ ಚರ್ಚೆ ಕಾವೇರಿತು. ಯಾವತ್ತೂ ಬಾಯಿ ಬಿಡದ ಒಬ್ಬಳು, ಅವಳ ಅಪ್ಪ ಮರಗಸಿ (ನೆರಳಿನ ಮರದ ಕೊಂಬೆ ಸವರುವ ಕೆಲಸ) ಮಾಡುವವರು, ಹೊಸ ಚೌಕವನ್ನೇ ಸೇರಿಸಿದಳು: ಕೊಳೆರೋಗ. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಗಾಳಿಯಾಡದೆ ಗಿಡ ಒಣಗುವುದಿಲ್ಲ, ಕೊಳೆರೋಗ ಹೆಚ್ಚುತ್ತದೆ. ಮಳೆಗೆ ಮುಂಚೆ ಕೊಂಬೆ ಸವರುವುದು ಅದಕ್ಕೇ ಎಂದು ವಿವರಿಸಿದಳು. ಒಂದೇ ಚೌಕದಿಂದ ಒಂದಕ್ಕೊಂದು ಎದುರಾದ ಎರಡು ಗೆರೆ! ಬರೀ ಮಾತಿನಲ್ಲಾಗಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ, ಆ ಹುಡುಗಿಯ ಸರದಿಯೂ ಬರುತ್ತಿರಲಿಲ್ಲ. ನನಗಂತೂ ಅವತ್ತು ಬಹಳ ಖುಷಿಯಾಯಿತು.

ಇದಕ್ಕೆ ಆ್ಯಪ್ ಬೇಕೇಬೇಕು ಅಂತಿಲ್ಲ. ಸಿ-ಮ್ಯಾಪ್, ಪ್ಯಾಡ್ಲೆಟ್ ಒಳ್ಳೆಯವೇ, ಆದರೆ ಮಳೆ ಹಿಡಿದರೆ ಮಲೆನಾಡಲ್ಲಿ ನೆಟ್‌ವರ್ಕ್, ಕರೆಂಟ್ ಎರಡೂ ಇರುವುದಿಲ್ಲ. ಹಾಳೆಯಲ್ಲಿ ಬರೆದು ಫೋಟೋ ತೆಗೆದು, ನೆಟ್‌ವರ್ಕ್ ಸಿಕ್ಕಾಗ ವಾಟ್ಸಾಪ್‌ನಲ್ಲಿ ಹಾಕಿದರೆ ಮುಂದಿನವರು ತಮ್ಮ ಗೆರೆ ಸೇರಿಸುತ್ತಾರೆ. ಅರೇಬಿಕಾ-ರೋಬಸ್ಟಾ ಹೋಲಿಸುವುದಕ್ಕಾದರೆ ಎರಡು ವೃತ್ತದ ವೆನ್ ಚಿತ್ರವೇ ಸಾಕು. ಮೇಷ್ಟ್ರೇ ಪೂರ್ತಿ ಬರೆದ ನಕ್ಷೆಯನ್ನು ಮಾತ್ರ ಕೊಡಬೇಡಿ. ಮಕ್ಕಳು ಅದನ್ನು ನಕಲು ಮಾಡಿ ಸುಮ್ಮನಾಗುತ್ತಾರೆ.

"ಪರೀಕ್ಷೇಲಿ ಇದನ್ನ ಕೇಳಲ್ಲ ಮಾರಾಯ್ತಿ, ಆದ್ರೂ ಬಿಡಕ್ಕೆ ಮನಸ್ಸಾಗಲ್ಲ" ಅನ್ನುತ್ತಾರೆ ಅತ್ತಿಗೆ.

ಮುಂದಿನ ಪ್ರಶ್ನೆ ಮಕ್ಕಳೇ ಆರಿಸಿದ್ದಾರೆ: ತೋಟದ ಹಲಸಿನ ಮರ ಕಡಿದರೆ ಆನೆ ಬರುವುದು ನಿಲ್ಲುತ್ತದಾ? ಸಕಲೇಶಪುರ, ಆಲೂರು ಕಡೆ ಪಾಠ ಹೇಳುವವರಿದ್ದರೆ ನಿಮ್ಮ ಮಕ್ಕಳನ್ನೂ ಕರೆತನ್ನಿ.